ಅಚ್ಚು ಬೇರೆ, ಬಾಗು ಬೇರೆ: ಮುದ್ರಿತ ಎಲೆಕ್ಟ್ರಾನಿಕ್ಸ್ ಬಂದ ದಾರಿ

ಕಾಸರಗೋಡು ಜಿಲ್ಲೆಯ ಪೈವಳಿಕೆ, ಮೀಂಜ ಮತ್ತು ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆ ನೆಲದಲ್ಲಿ ಹರಡಿರುವ 50 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರವು 2021ರ ಫೆಬ್ರವರಿಯಲ್ಲಿ ಲೋಕಾರ್ಪಣೆಗೊಂಡಿತು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಸಿಲಿಕಾನ್ ಸೌರ ಫಲಕವನ್ನು ಹತ್ತಿರದಿಂದ ನೋಡಿದರೆ, ಕಡುನೀಲಿ ಬಿಲ್ಲೆಗಳ ಮೇಲೆ ಕೂದಲೆಳೆಯಷ್ಟು ತೆಳ್ಳಗಿನ ಗೆರೆಗಳು ಒತ್ತೊತ್ತಾಗಿ ಸಾಗಿರುವುದು ಕಾಣುತ್ತದೆ. ಅವು ಬೆಳ್ಳಿಯ ಗೆರೆಗಳು. ಬಿಸಿಲಿನಿಂದ ಹುಟ್ಟಿದ ವಿದ್ಯುತ್ತನ್ನು ಒಟ್ಟುಗೂಡಿಸಿ ಹೊರಗೆ ಸಾಗಿಸುವುದು ಅವುಗಳ ಕೆಲಸ. ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಮದುವೆಯ ಆಮಂತ್ರಣ ಪತ್ರಿಕೆಯನ್ನು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಮುದ್ರಿಸುವ ವಿಧಾನ ಯಾವುದೋ, ಆ ಗೆರೆಗಳನ್ನು ಮೂಡಿಸುವ ವಿಧಾನವೂ ಮೂಲತಃ ಅದೇ: ಚೌಕಟ್ಟಿಗೆ ಬಿಗಿದ ಜಾಲರಿ, ಅದರ ಮೇಲೆ ಶಾಯಿ, ಶಾಯಿಯನ್ನು ಒತ್ತಿ ಎಳೆಯುವ ಪಟ್ಟಿ. ವ್ಯತ್ಯಾಸವಿರುವುದು ಶಾಯಿಯಲ್ಲಿ ಬೆಳ್ಳಿಯ ಪುಡಿ ಇರುವುದರಲ್ಲಿ ಮತ್ತು ಮುದ್ರಿಸಿದ ಮೇಲೆ ಬಿಲ್ಲೆಯನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ ತಾಪದ ಕುಲುಮೆಯಲ್ಲಿ ಹಾಯಿಸುವುದರಲ್ಲಿ.

ಇದು ಮುದ್ರಿತ ಎಲೆಕ್ಟ್ರಾನಿಕ್ಸ್. ಆದರೆ ಸೌರ ಫಲಕ ಬಾಗುವುದಿಲ್ಲ. ಮಡಚುವ ಮೊಬೈಲಿನ ಪರದೆ ಬಾಗುತ್ತದೆ, ಆದರೆ ಅದನ್ನು ಬಹುಮಟ್ಟಿಗೆ ಮುದ್ರಿಸುವುದಿಲ್ಲ. ನಿರ್ವಾತ ಕೋಣೆಗಳಲ್ಲಿ ಪದರ ಪದರವಾಗಿ ಕೂರಿಸುತ್ತಾರೆ. ಹೀಗಿದ್ದರೂ ಪತ್ರಿಕೆಗಳ ವಿಜ್ಞಾನ ಪುಟಗಳಲ್ಲಿಯೂ ಮಾರುಕಟ್ಟೆಯ ಅಂದಾಜು ವರದಿಗಳಲ್ಲಿಯೂ ‘ಮುದ್ರಿತ’ ಮತ್ತು ‘ಬಾಗುವ’ ಎಂಬ ಎರಡು ಮಾತುಗಳನ್ನು ಒಂದೇ ಗಂಟಿನಲ್ಲಿ ಕಟ್ಟುವುದು ರೂಢಿಯಾಗಿದೆ. ಈ ವಿಷಯವು ಸಾಮಾನ್ಯ ಓದುಗರಿಗೆ ಇಷ್ಟೊಂದು ಗೋಜಲಾಗಿ ಕಾಣುವುದಕ್ಕೆ ಆ ಗಂಟೇ ಮುಖ್ಯ ಕಾರಣವೆಂದು ತೋರುತ್ತದೆ.

ಮುದ್ರಣ ಮತ್ತು ವಿದ್ಯುತ್ತಿನ ನಂಟು ಹಳೆಯದು. ವಿಯೆನ್ನಾದಲ್ಲಿ ಹುಟ್ಟಿ, ಮುದ್ರಣ ರಂಗದ ಅನುಭವ ಪಡೆದಿದ್ದ ಎಂಜಿನಿಯರ್ ಪಾಲ್ ಐಸ್ಲರ್ 1936ರಲ್ಲಿ ಲಂಡನ್ನಿಗೆ ಬಂದು, ತಂತಿಗಳ ಸಿಕ್ಕಿನ ಬದಲು ತಾಮ್ರದ ಹಾಳೆಯ ಮೇಲೆ ಸರ್ಕ್ಯೂಟಿನ ಚಿತ್ರವನ್ನೇ ಮೂಡಿಸುವ ದಾರಿ ಹುಡುಕಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಗುರಿಯ ಸಮೀಪಕ್ಕೆ ಬಂದಾಗ ತಾನಾಗಿ ಸಿಡಿಯುವ ಗುಂಡುಗಳಿಗಾಗಿ ಅಮೆರಿಕದಲ್ಲಿ ಪಿಂಗಾಣಿಯ ಮೇಲೆ ಬೆಳ್ಳಿಯ ಶಾಯಿಯಿಂದ ಸರ್ಕ್ಯೂಟುಗಳನ್ನು ಮುದ್ರಿಸಲಾಯಿತು. ಮುಂದಿನ ಮೂರು ದಶಕಗಳಲ್ಲಿ ಸಿಲಿಕಾನ್ ಚಿಪ್ ಬಂದು ಲೋಕವನ್ನೇ ಬದಲಿಸಿತು. ಮುದ್ರಣವು ತಂತಿಗಳಿಗೆ ಬದಲಿಯಾಗಿ, ಚಿಪ್ಪಿನ ಸೇವಕನಾಗಿ ಉಳಿಯಿತು.

1977ರಲ್ಲಿ ಅಲನ್ ಹೀಗರ್, ಅಲನ್ ಮ್ಯಾಕ್‌ಡಯರ್ಮಿಡ್ ಮತ್ತು ಹಿಡೆಕಿ ಶಿರಾಕಾವಾ ಅವರು ಪಾಲಿಅಸಿಟಿಲೀನ್ ಎಂಬ ಪಾಲಿಮರಿಗೆ ಅಯೋಡಿನ್ ಸೇರಿಸಿ, ಅದರ ವಿದ್ಯುತ್ ವಾಹಕತೆಯನ್ನು ಒಂದು ಕೋಟಿ ಪಟ್ಟಿನಷ್ಟು ಹೆಚ್ಚಿಸಬಹುದೆಂದು ತೋರಿಸಿದರು. ಪ್ಲಾಸ್ಟಿಕ್ ಎಂದರೆ ವಿದ್ಯುತ್ತನ್ನು ತಡೆಯುವ ವಸ್ತು ಎಂಬ ನಂಬಿಕೆ ಅಂದಿಗೆ ಮುರಿಯಿತು. 1986ರಲ್ಲಿ ಪಾಲಿಮರಿನ ಟ್ರಾನ್ಸಿಸ್ಟರ್, 1987ರಲ್ಲಿ ಸಾವಯವ, ಎಂದರೆ ಇಂಗಾಲ ಆಧಾರಿತ, ಅಣುಗಳಿಂದ ಬೆಳಕು ಸೂಸುವ ಡಯೋಡ್, 1990ರಲ್ಲಿ ಕೇಂಬ್ರಿಜ್‌ನಲ್ಲಿ ಪಾಲಿಮರಿನ ಬೆಳಕಿನ ಡಯೋಡ್, 1994ರಲ್ಲಿ ಫ್ರಾನ್ಸ್‌ನಲ್ಲಿ ಮುದ್ರಣದಿಂದಲೇ ತಯಾರಾದ ಟ್ರಾನ್ಸಿಸ್ಟರ್, 2000ದಲ್ಲಿ ಆ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ. ದಿನಪತ್ರಿಕೆ ಮುದ್ರಿಸಿದಂತೆ ಚಿಪ್ಪುಗಳನ್ನೂ ಉರುಳು ಯಂತ್ರದಲ್ಲಿ ಮುದ್ರಿಸಿ ಕಿಲೋಮೀಟರುಗಟ್ಟಲೆ ಸುತ್ತಿಡಬಹುದು ಎಂಬ ಕನಸಿಗೆ ಆ ಹೊತ್ತಿಗೆ ಹಣವೂ ಸಿಕ್ಕಿತು, ಮಾತೂ ಸಿಕ್ಕಿತು.

ಕನಸು ಎಡವಿದ್ದು ಎರಡು ಕಡೆ. ಸಿಲಿಕಾನಿನ ಹರಳಿನಲ್ಲಿ ಎಲೆಕ್ಟ್ರಾನುಗಳು ಸಾಗುವ ಸಲೀಸುತನಕ್ಕೆ ಹೋಲಿಸಿದರೆ, ವರ್ಷಗಳ ಸುಧಾರಣೆಯ ಬಳಿಕವೂ ಸಾವಯವ ಅರೆವಾಹಕಗಳಲ್ಲಿ ಅದು ನೂರರಲ್ಲಿ ಒಂದು ಪಾಲಿನಷ್ಟನ್ನು ದಾಟುವುದೇ ಕಷ್ಟವಾಯಿತು. ಎರಡನೆಯದು ತೇವ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ನಮ್ಮ ಕರಾವಳಿಯಲ್ಲಿ, ಬಿಸಿಲಿಗೆ ಒಣಗಿಸಿ ಡಬ್ಬಿಯಲ್ಲಿಟ್ಟ ಹಪ್ಪಳವೂ ಮಳೆಗಾಲದ ಆಟಿ ತಿಂಗಳಲ್ಲಿ ಮೆತ್ತಗಾಗುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಾವಯವ ಬೆಳಕಿನ ಡಯೋಡಿನ ಪರದೆ ವರ್ಷಗಟ್ಟಲೆ ಬಾಳಬೇಕಾದರೆ, ಅದರ ಹೊದಿಕೆಯ ಒಂದು ಚದರ ಮೀಟರಿನ ಮೂಲಕ ದಿನಕ್ಕೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತ ಹೆಚ್ಚು ನೀರಾವಿ ಒಳಹೋಗಬಾರದು. ಗಾಜಿನಿಂದ ಅದು ಸಾಧ್ಯ. ಸಾಧಾರಣ ಪ್ಲಾಸ್ಟಿಕ್ ಹಾಳೆಯಿಂದ ಅಲ್ಲ.

2000ದಲ್ಲಿ ಕೇಂಬ್ರಿಜ್‌ನಿಂದ ಹೊರಟ ಪ್ಲಾಸ್ಟಿಕ್ ಲಾಜಿಕ್ ಸಂಸ್ಥೆ 2010ರ ಜನವರಿಯಲ್ಲಿ ತನ್ನ ಓದುವ ಸಾಧನವನ್ನು ಪ್ರದರ್ಶಿಸಿ, ಅದೇ ವರ್ಷ ಅದನ್ನು ಕೈಬಿಟ್ಟಿತು. ಸಾವಯವ ಸೌರಕೋಶಗಳಿಗಾಗಿ 2001ರಲ್ಲಿ ಅಮೆರಿಕದಲ್ಲಿ ಆರಂಭವಾದ ಕೊನಾರ್ಕಾ 2012ರಲ್ಲಿ ದಿವಾಳಿಯಾಯಿತು. ಇವುಗಳಲ್ಲಿ ದುಡಿದವರ ಪ್ರತಿಭೆಗಾಗಲಿ ಪ್ರಾಮಾಣಿಕತೆಗಾಗಲಿ ಕೊರತೆಯಿತ್ತೆಂದು ಹೇಳಲಾಗದು. ಸಿಲಿಕಾನನ್ನು ಅದರ ಮನೆಯಂಗಳದಲ್ಲಿಯೇ ಸೋಲಿಸಬೇಕೆಂಬ ಹಟ ಆ ದಶಕದ ಗಾಳಿಯಲ್ಲಿಯೇ ಇತ್ತು. ಬೆರಗು ಹುಟ್ಟಿಸುವ ವಸ್ತುವಿಗೆ ಸಿಕ್ಕಷ್ಟು ಬಂಡವಾಳ ಬಳಕೆಯ ವಸ್ತುವಿಗೆ ಸಿಗುತ್ತಿರಲಿಲ್ಲ.

ಅದೇ ಹೊತ್ತಿಗೆ ಯಾರ ಗಮನವನ್ನೂ ಸೆಳೆಯದೆ ಮುದ್ರಿತ ಎಲೆಕ್ಟ್ರಾನಿಕ್ಸ್ ಮನೆಮನೆಗೆ ಬಂದಾಗಿತ್ತು. ರಕ್ತದ ಸಕ್ಕರೆಯನ್ನು ಅಳೆಯುವ ಸ್ಟ್ರಿಪ್‌ನ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1970ರ ದಶಕದ ಮೊದಲ ಮೀಟರುಗಳು ಒಂದು ಕಿಲೋಗೂ ಹೆಚ್ಚು ತೂಗುತ್ತಿದ್ದವು. ಸ್ಟ್ರಿಪ್‌ನ ಮೇಲೆ ರಕ್ತ ಹಾಕಿ, ಗಡಿಯಾರ ನೋಡಿ, ರಕ್ತವನ್ನು ತೊಳೆದು, ಬಣ್ಣ ಬದಲಾದುದನ್ನು ಬೆಳಕಿನಿಂದ ಅಳೆಯಬೇಕಿತ್ತು. ವೈದ್ಯರ ಕೋಣೆಯಿಂದ ಆಚೆಗೆ ಅದು ಸಾಮಾನ್ಯವಾಗಿ ಬರುವಂತಿರಲಿಲ್ಲ. ಅಮೆರಿಕದ ವಿಜ್ಞಾನಿ ಲೆಲ್ಯಾಂಡ್ ಕ್ಲಾರ್ಕ್ 1962ರಲ್ಲಿಯೇ ಕಿಣ್ವವನ್ನು ವಿದ್ಯುದ್ವಾರಕ್ಕೆ ಜೋಡಿಸುವ ಉಪಾಯ ಹೇಳಿದ್ದರೂ, ಆ ವಿಧಾನ ರಕ್ತದಲ್ಲಿರುವ ಆಮ್ಲಜನಕವನ್ನು ಅವಲಂಬಿಸಿತ್ತು. ಬ್ರಿಟನ್ನಿನ ಕ್ರ್ಯಾನ್‌ಫೀಲ್ಡ್ ಮತ್ತು ಆಕ್ಸ್‌ಫರ್ಡ್‌ನ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಕೆಲಸವು ಆ ತೊಡಕನ್ನು ಬಿಡಿಸಿತು. ಕಬ್ಬಿಣದ ಪರಮಾಣುವನ್ನು ಒಳಗೊಂಡ ಫೆರೊಸೀನ್ ಎಂಬ ಸಂಯುಕ್ತದ ಒಂದು ರೂಪವು ಆಮ್ಲಜನಕದ ಸ್ಥಾನದಲ್ಲಿ ನಿಂತು, ಕಿಣ್ವದಿಂದ ಎಲೆಕ್ಟ್ರಾನುಗಳನ್ನು ಪಡೆದು ವಿದ್ಯುದ್ವಾರಕ್ಕೆ ದಾಟಿಸಬಲ್ಲುದೆಂದು ಅವರು ತೋರಿಸಿದರು. 1987ರಲ್ಲಿ ಪೆನ್ನಿನ ಗಾತ್ರದ ಮೀಟರು ಮಾರುಕಟ್ಟೆಗೆ ಬಂತು. ಅದರ ಸ್ಟ್ರಿಪ್‌ಗಳನ್ನು ಸ್ಕ್ರೀನ್ ಪ್ರಿಂಟಿಂಗ್‌ನಿಂದ ತಯಾರಿಸಿದ್ದರು.

ಅಂಥ ಸ್ಟ್ರಿಪ್ ತಯಾರಾಗುವ ಬಗೆಯನ್ನು ಮುದ್ರಣದ ಕೆಲಸ ಬಲ್ಲವರು ಒಮ್ಮೆಗೇ ಗ್ರಹಿಸಬಲ್ಲರು. ಪ್ಲಾಸ್ಟಿಕ್ ಹಾಳೆಯ ಮೇಲೆ ಮೊದಲು ಬೆಳ್ಳಿ ಅಥವಾ ಇಂಗಾಲದ ಶಾಯಿಯಿಂದ ದಾರಿಗಳು. ಒಣಗಿದ ಬಳಿಕ ಎರಡನೆಯ ಸ್ಕ್ರೀನಿನಿಂದ ವಿದ್ಯುದ್ವಾರಗಳು. ಬೇಡದ ಭಾಗವನ್ನು ಮುಚ್ಚಲು ವಿದ್ಯುತ್ ಹರಿಸದ ಶಾಯಿ. ಕೊನೆಗೆ ಕಿಣ್ವದ ಲೇಪ, ರಕ್ತವನ್ನು ಒಳಗೆಳೆಯುವ ಸಣ್ಣ ಕಾಲುವೆ, ಆಮೇಲೆ ಕತ್ತರಿಸುವಿಕೆ. ನಾಲ್ಕು ಬಣ್ಣದ ಕೆಲಸದಲ್ಲಿ ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರದಿದ್ದರೆ ಚಿತ್ರ ಕೆಡುತ್ತದೆ. ಇಲ್ಲಿ ಪದರ ಸರಿದರೆ ವಿದ್ಯುದ್ವಾರದ ವಿಸ್ತೀರ್ಣ ಬದಲಾಗಿ ಸಕ್ಕರೆಯ ಅಂಕಿಯೇ ಕೆಡುತ್ತದೆ. ಹಾಗಾಗಿ ಈ ಉದ್ಯಮದ ನಿಜವಾದ ಸಾಧನೆ ಒಂದು ಸ್ಟ್ರಿಪ್ ಕೆಲಸ ಮಾಡುವಂತೆ ನೋಡಿಕೊಂಡದ್ದಲ್ಲ, ಕೋಟಿಗಟ್ಟಲೆ ಸ್ಟ್ರಿಪ್‌ಗಳು ಒಂದೇ ರೀತಿ ಕೆಲಸ ಮಾಡುವಂತೆ ನೋಡಿಕೊಂಡದ್ದು. ತೇವದ ಸಮಸ್ಯೆ ಇಲ್ಲಿಯೂ ಇದೆ, ಆದರೆ ಸ್ಟ್ರಿಪ್ ಕೆಲಸ ಮಾಡಬೇಕಾದದ್ದು ಕೆಲವು ಸೆಕೆಂಡು ಮಾತ್ರ. ಅಲ್ಲಿಯವರೆಗೆ ಅದನ್ನು ಒಣಗಿಸಿಡಲು ಡಬ್ಬಿಯೊಳಗೆ ತೇವ ಹೀರುವ ವಸ್ತುವಿರುತ್ತದೆ. ಮಳೆಗಾಲದಲ್ಲಿ ಆ ಡಬ್ಬಿಯ ಮುಚ್ಚಳವನ್ನು ತೆರೆದಿಟ್ಟು ಮರೆತರೆ ಅಂಕಿಗಳನ್ನು ನಂಬುವಂತಿಲ್ಲ.

ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿಕೊಂಡಿರುವ ಕಾಸರಗೋಡಿನ ಜನರಿಗೆ, 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಆಸ್ಪತ್ರೆ ಎಷ್ಟು ದೂರವಾಗಬಲ್ಲುದೆಂಬುದು ತಿಳಿಯಿತು. ಅಂಥ ದಿನಗಳಲ್ಲಿ ಮನೆಯ ಕಪಾಟಿನಲ್ಲಿದ್ದ ಈ ಮುದ್ರಿತ ಪಟ್ಟಿಯೇ ಸಕ್ಕರೆ ಕಾಯಿಲೆಯವರ ಪ್ರಯೋಗಾಲಯ.

ಬಾಗುವ ಎಲೆಕ್ಟ್ರಾನಿಕ್ಸ್ ಬೇರೆ ದಾರಿಯಲ್ಲಿ ನಡೆಯಿತು. ಜಪಾನಿನ ಹಿಡೆಯೊ ಹೊಸೊನೊ ಅವರ ತಂಡವು 2004ರಲ್ಲಿ ಇಂಡಿಯಂ, ಗ್ಯಾಲಿಯಂ ಮತ್ತು ಸತುವಿನ ಆಕ್ಸೈಡಿನಿಂದ ಬಾಗುವ ಪ್ಲಾಸ್ಟಿಕ್ಕಿನ ಮೇಲೆ ಟ್ರಾನ್ಸಿಸ್ಟರ್ ರಚಿಸಿತು. ಅದರಲ್ಲಿ ಎಲೆಕ್ಟ್ರಾನುಗಳು ಸಾಗುವ ಸಲೀಸುತನ ಅಂದಿನ ಪರದೆಗಳಲ್ಲಿದ್ದ ಹರಳುಗಟ್ಟದ ಸಿಲಿಕಾನಿಗಿಂತ ಸುಮಾರು ಹತ್ತು ಪಟ್ಟು. 2019ರ ಏಪ್ರಿಲ್‌ನಲ್ಲಿ ಪರೀಕ್ಷಕರ ಕೈಯಲ್ಲಿ ಕೆಟ್ಟು, ಸೆಪ್ಟೆಂಬರಿನಲ್ಲಿ ಮರಳಿ ಬಂದ ಮಡಚುವ ಫೋನುಗಳು ಈಗ ಅಂಗಡಿಗಳಲ್ಲಿವೆ. 2021ರಲ್ಲಿ ಬ್ರಿಟನ್ನಿನ ಪ್ರಾಗ್ಮ್ಯಾಟಿಕ್ ಮತ್ತು ಆರ್ಮ್ ಸಂಸ್ಥೆಗಳು ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲೆ 18,334 ಗೇಟುಗಳಿಗೆ (ಲೆಕ್ಕ ಮಾಡುವ ಮೂಲ ಘಟಕಗಳಿಗೆ) ಸಮನಾದ 32 ಬಿಟ್ ಪ್ರೊಸೆಸರನ್ನು ತೋರಿಸಿದವು. ಅದರ ಗರಿಷ್ಠ ವೇಗ 29 ಕಿಲೋಹರ್ಟ್ಸ್. ಮೊಬೈಲಿನ ಚಿಪ್ಪಿನ ಎದುರು ಇದು ಏನೂ ಅಲ್ಲ, ಹಾಲಿನ ಪೊಟ್ಟಣ ಕೆಟ್ಟಿದೆಯೇ ಎಂದು ಹೇಳಲು ಬೇಕಾದದ್ದಕ್ಕಿಂತ ಹೆಚ್ಚು. ಇದೂ ಮುದ್ರಿತವಲ್ಲ, ಬೆಳಕಿನಿಂದ ಕೆತ್ತಿದ್ದು.

ನಮ್ಮ ದೇಶದಲ್ಲಿ ಐಐಟಿ ಕಾನ್ಪುರದಲ್ಲಿ 2014ರಲ್ಲಿ ಈ ಕ್ಷೇತ್ರಕ್ಕಾಗಿ ರಾಷ್ಟ್ರೀಯ ಕೇಂದ್ರವನ್ನು ಸ್ಥಾಪಿಸಲಾಯಿತು. ಎಲೆಕ್ಟ್ರಾನಿಕ್ಸ್‌ಗೆ ಬೇಕಾದ ವಸ್ತುಗಳ ಸಂಶೋಧನೆ ನಡೆಸುವ ಸಿ-ಮೆಟ್‌ನ ಪ್ರಯೋಗಾಲಯ ನಮ್ಮದೇ ರಾಜ್ಯವಾದ ಕೇರಳದ ತ್ರಿಶ್ಶೂರಿನಲ್ಲಿದೆ. ಚಿಪ್ಪು ತಯಾರಿಕೆಯ ಕಾರ್ಖಾನೆಗೆ ಸಾವಿರಾರು ಕೋಟಿ ರೂಪಾಯಿ ಬೇಕು. ಮುದ್ರಿತ ಸಂವೇದಕಕ್ಕೆ ಬೇಕಾದದ್ದು ನಂಬಲರ್ಹವಾದ ಶಾಯಿ, ನಿಯಂತ್ರಿತ ತಾಪದ ಒಲೆ ಮತ್ತು ಪಳಗಿದ ಕೈ. ಮೂರನೆಯದು ಸಣ್ಣ ಊರುಗಳ ಸ್ಕ್ರೀನ್ ಪ್ರಿಂಟಿಂಗ್ ಕೆಲಸಗಾರರಲ್ಲಿ ಈಗಾಗಲೇ ಇದೆ. ಡಿಜಿಟಲ್ ಮುದ್ರಣ ಬಂದು ಅವರ ಕೆಲಸ ಕುಗ್ಗುತ್ತಿರುವಾಗ, ಈ ಎರಡು ಲೋಕಗಳನ್ನು ಭೇಟಿ ಮಾಡಿಸುವ ಕೆಲಸ ಆಗಬೇಕಿತ್ತು.

ಬೆಳ್ಳಿಯ ಪ್ರಶ್ನೆಯೂ ಉಳಿದಿದೆ. ಜಗತ್ತಿನ ವಾರ್ಷಿಕ ಬೆಳ್ಳಿಯ ಬೇಡಿಕೆಯಲ್ಲಿ ಹತ್ತನೆಯ ಒಂದು ಪಾಲಿಗಿಂತ ಹೆಚ್ಚನ್ನು ಈಗ ಸೌರ ಫಲಕಗಳೇ ಬಳಸುತ್ತವೆ. ಹಾಗಾಗಿ ತಾಮ್ರದ ಶಾಯಿಯತ್ತ ತಯಾರಕರ ಕಣ್ಣಿದೆ, ಆದರೆ ಬಿಸಿಯಾದಾಗ ತಾಮ್ರ ಗಾಳಿಯೊಡನೆ ಬೆರೆತು ವಾಹಕತೆ ಕಳೆದುಕೊಳ್ಳುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಸೌರ ಫಲಕಗಳನ್ನೂ ಒಳಗೊಂಡಿರುವುದರಿಂದ ಪೈವಳಿಕೆಯಂಥ ಸ್ಥಾವರಗಳ ಫಲಕಗಳಿಗೆ ಮುಂದೊಂದು ದಿನ ಹೋಗಲು ದಾರಿಯಾದರೂ ಇದೆ. ಸ್ಟ್ರಿಪ್‌ನ ಸಂಗತಿ ಅಷ್ಟು ನೇರವಲ್ಲ. ಒಂದೇ ಸಣ್ಣ ಪಟ್ಟಿಯಲ್ಲಿ ಪ್ಲಾಸ್ಟಿಕ್, ಲೋಹ ಮತ್ತು ರಕ್ತ ಮೂರೂ ಇರುವುದರಿಂದ, ಕಸ ಸಂಗ್ರಹಿಸಲು ಮನೆ ಬಾಗಿಲಿಗೆ ಬರುವ ಹರಿತ ಕರ್ಮ ಸೇನೆಯ ಮಹಿಳೆಯರ ಪ್ಲಾಸ್ಟಿಕ್ ಚೀಲಕ್ಕೆ ಅದನ್ನು ಹಾಕುವುದು ಅವರ ಕೈಗಳಿಗೆ ಅಪಾಯ, ತೆಂಗಿನ ಬುಡದಲ್ಲಿ ಸುಡುವುದು ಮಣ್ಣಿಗೂ ಉಸಿರಿಗೂ ಕೇಡು.