ಹೆದರಿದ ಚಿಂಚಿಲ್ಲಾ ಹತ್ತಿರ ಬರಬೇಕಾದರೆ

ಹೊಸ ಮನೆಗೆ ಬಂದ ಚಿಂಚಿಲ್ಲಾ ಗೂಡಿನ ಮೂಲೆಯಲ್ಲಿ ಮುದುಡಿ ಕೂತಿರುತ್ತದೆ. ಕೈ ಹಾಕಿದರೂ ಮಿಸುಕುವುದಿಲ್ಲ, ಎತ್ತಿ ಮಡಿಲಲ್ಲಿ ಇಟ್ಟುಕೊಂಡರೂ ಸುಮ್ಮನಿರುತ್ತದೆ. “ಪಾಪದ ಪ್ರಾಣಿ, ಎಷ್ಟು ಸಾಧು ನೋಡಿ” ಎಂದು ಮನೆಮಂದಿಗೆಲ್ಲ ಖುಷಿ. ನಾಲ್ಕು ದಿನ ಕಳೆಯುವಷ್ಟರಲ್ಲಿ ಅದೇ ಪ್ರಾಣಿ ಬಾಗಿಲು ತೆಗೆದ ಕೂಡಲೇ ಹಾರಿ ಹಲಗೆಯ ಹಿಂದೆ ಅಡಗಿಕೊಳ್ಳುತ್ತದೆ, ಬೊಗಳಿದಂಥ ಸದ್ದು ಮಾಡುತ್ತದೆ. ಬಂದಾಗ ಚೆನ್ನಾಗಿತ್ತು, ಈಗ ಯಾಕೋ ಕೆಟ್ಟುಹೋಯಿತು ಎಂದು ಸಾಕಿದವರಿಗೆ ಬೇಸರವಾಗುತ್ತದೆ. ನಿಜಕ್ಕೂ ಅದರ ಸ್ಥಿತಿ ಸುಧಾರಿಸಿದೆ. ಮೊದಲ ದಿನ ಅದು ಭಯಕ್ಕೆ ಮರಗಟ್ಟಿತ್ತು. ಈಗ ಓಡಿ ತಪ್ಪಿಸಿಕೊಳ್ಳಬಹುದು ಎಂಬಷ್ಟು ಧೈರ್ಯ ಬಂದಿದೆ. ಈ ಸಣ್ಣ ಪ್ರಾಣಿಯ ವಿಶ್ವಾಸ ಗಳಿಸಬೇಕೆಂದಿರುವವರು ಮೊಟ್ಟಮೊದಲು ತಿಳಿಯಬೇಕಾದದ್ದು ಇದನ್ನೇ. ಸುಮ್ಮನಿರುವ ಪ್ರಾಣಿಯೆಲ್ಲ ನೆಮ್ಮದಿಯಾಗಿರುವ ಪ್ರಾಣಿಯಲ್ಲ.

ಚಿಂಚಿಲ್ಲಾ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸಾಲಿನ ದಂಶಕ, ಅಂದರೆ ಇಲಿ–ಅಳಿಲುಗಳ ಗುಂಪಿನ ಪ್ರಾಣಿ. ಅಳಿಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು. ಅರ್ಧ ಕಿಲೋ ಆಸುಪಾಸಿನ ತೂಕ, ದುಂಡನೆಯ ದೊಡ್ಡ ಕಿವಿ, ಉದ್ದ ಮೀಸೆ. ಅದರ ತುಪ್ಪಳದಷ್ಟು ದಟ್ಟವಾದದ್ದು ನೆಲದ ಮೇಲಿನ ಬೇರೆ ಪ್ರಾಣಿಗಳಲ್ಲಿ ಸಿಗುವುದು ಕಷ್ಟ. ನಮ್ಮ ತಲೆಯ ಚರ್ಮದ ಒಂದು ರಂಧ್ರದಿಂದ ಒಂದೆರಡು ಕೂದಲು ಹೊರಟರೆ, ಇದರಲ್ಲಿ 50ಕ್ಕೂ ಹೆಚ್ಚು ನವಿರಾದ ಎಳೆಗಳು ಹೊರಡುತ್ತವೆ. ಬಂಡೆಗಳ ಸಂದಿಯಲ್ಲಿ ಗುಂಪಾಗಿ ಬದುಕುವ ಈ ಪ್ರಾಣಿ ಸಂಜೆಗತ್ತಲಲ್ಲಿ, ರಾತ್ರಿಯಲ್ಲಿ ಹೊರಬರುತ್ತದೆ. ಅಲ್ಲಿ ಕುಲ್ಪೆಯೋ ಎಂಬ ನರಿಯೂ ದೊಡ್ಡ ಗೂಬೆಗಳೂ ಕಾದಿರುತ್ತವೆ. ಅದಕ್ಕೆ ತಿರುಗಿ ಬೀಳುವ ಶಕ್ತಿಯಿಲ್ಲ. ಇರುವುದು ಮೊದಲೇ ಕೇಳಿಸುವ ಕಿವಿ, ಚಂಗನೆ ನೆಗೆಯುವ ಹಿಂಗಾಲು. ಇವೆರಡೂ ಕೈಕೊಟ್ಟರೆ ಕೊನೆಯ ಉಪಾಯ ಇನ್ನೊಂದಿದೆ: ಹಲ್ಲಿ ಬಾಲ ಕಳಚಿ ಓಡುವಂತೆ, ಹಿಡಿದ ಜಾಗದ ತುಪ್ಪಳವನ್ನು ಶತ್ರುವಿನ ಬಾಯಲ್ಲೇ ಬಿಟ್ಟು ಓಡುತ್ತದೆ. ಸಾಕಿದವರ ಮುಷ್ಟಿಯಲ್ಲಿ ಒಮ್ಮೊಮ್ಮೆ ಬೂದು ಕೂದಲಿನ ಗೊಂಚಲು ಉಳಿಯುವುದು ಇದೇ ಕಾರಣಕ್ಕೆ. ಗಾಯವೇನೂ ಆಗಿರುವುದಿಲ್ಲ. ಆದರೆ ಪ್ರಾಣ ಹೋಗುವ ಹೊತ್ತಿಗೆ ಮೀಸಲಾದ ಉಪಾಯವನ್ನು ಅದು ನಿಮ್ಮ ಮೇಲೆ ಬಳಸಿತು ಎಂಬುದನ್ನು ಮರೆಯಬಾರದು.

ಈ ತುಪ್ಪಳವೇ ಅದರ ಕುಲಕ್ಕೆ ಮುಳುವಾಯಿತು. ತುಪ್ಪಳದ ಕೋಟುಗಳಿಗಾಗಿ ಲಕ್ಷಗಟ್ಟಲೆ ಕೊಂದು, 1910ರಲ್ಲಿ ಚಿಲಿ, ಪೆರು, ಬೊಲಿವಿಯಾ, ಅರ್ಜೆಂಟೀನಾ ಬೇಟೆ ನಿಷೇಧಕ್ಕೆ ಒಪ್ಪಂದ ಮಾಡಿಕೊಳ್ಳುವ ಹೊತ್ತಿಗೆ ಅದು ಕಾಣಸಿಗುವುದೇ ಅಪರೂಪವಾಗಿತ್ತು. ಚಿಲಿಯ ತಾಮ್ರದ ಗಣಿಯಲ್ಲಿದ್ದ ಮಥಾಯಸ್ ಚಾಪ್‌ಮನ್ ಎಂಬ ಅಮೆರಿಕದ ಎಂಜಿನಿಯರ್ ಹತ್ತು–ಹನ್ನೆರಡು ಚಿಂಚಿಲ್ಲಾಗಳನ್ನು ಹಿಡಿಸಿ, ಕೆಳಗಿನ ಹವೆಗೆ ಮೆಲ್ಲಮೆಲ್ಲನೆ ಒಗ್ಗಿಸುತ್ತ ಬೆಟ್ಟ ಇಳಿಸಿ, 1923ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ತಂದ. ಇವತ್ತು ಮನೆಗಳಲ್ಲಿರುವ ಬಹುಪಾಲು ಚಿಂಚಿಲ್ಲಾಗಳ ಮೂಲ ಆ ಗುಂಪು. ಕಾಡಿನಲ್ಲಿ ಉಳಿದವು ಬೆರಳೆಣಿಕೆಯ ನೆಲೆಗಳಲ್ಲಿ ಮಾತ್ರ. ಚಿಲಿಯ ಇಯಾಪೆಲ್ ಊರಿನ ಬಳಿ 1983ರಲ್ಲಿ ಅವುಗಳಿಗೆಂದೇ ಒಂದು ರಕ್ಷಿತಾರಣ್ಯ ಮಾಡಿದ್ದಾರೆ.

ಇಲ್ಲಿ ಲೆಕ್ಕ ಹಾಕಿ ನೋಡಿ. ನಾಯಿ ನಮ್ಮ ಜೊತೆ ಹತ್ತು ಸಾವಿರ ವರ್ಷಕ್ಕೂ ಮಿಗಿಲಾಗಿ ಬಾಳಿದೆ. ಚಿಂಚಿಲ್ಲಾಕ್ಕೆ ಆಗಿರುವುದು ನೂರೇ ವರ್ಷ. ಅದರಲ್ಲೂ ಬಹುಕಾಲ ಅದನ್ನು ಸಾಕಿದ್ದು ಚರ್ಮಕ್ಕಾಗಿ. ಮರಿ ಮಾಡಿಸುವಾಗ ನೋಡುತ್ತಿದ್ದದ್ದು ತುಪ್ಪಳದ ದಟ್ಟಣೆ, ಬಣ್ಣ. ಮನುಷ್ಯರಿಗೆ ಹೆದರದ ಸ್ವಭಾವವನ್ನು ಯಾರೂ ಆರಿಸಿ ಬೆಳೆಸಲಿಲ್ಲ. ಅಮೆರಿಕದಲ್ಲೋ ಯುರೋಪಿನಲ್ಲೋ ನೆಲೆಸಿದ ನಮ್ಮವರ ಮನೆಗೆ ಪ್ರಾಣಿಗಳ ಆಶ್ರಯಧಾಮದಿಂದ ಮಕ್ಕಳು ಹಟ ಮಾಡಿ ತರುವ ಚಿಂಚಿಲ್ಲಾದ ಮಿದುಳು ಹೆಚ್ಚುಕಡಿಮೆ ಇನ್ನೂ ಆ ಬಂಡೆಸಂದಿಯ ಪ್ರಾಣಿಯದೇ. ಹಿಂದಿನ ಮನೆಯಲ್ಲಿ ಯಾರಾದರೂ ಅಟ್ಟಿಸಿಕೊಂಡು ಹೋಗಿ ಹಿಡಿದಿದ್ದರಂತೂ ಆ ನೆನಪೂ ಜೊತೆಗೆ ಬಂದಿರುತ್ತದೆ.

ಮರಗಟ್ಟುವುದರ ಬಗ್ಗೆ ನರವಿಜ್ಞಾನ ಅರ್ಧ ಶತಮಾನ ತಲೆಕೆಡಿಸಿಕೊಂಡಿದೆ. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮಾಯರ್ ನಾಯಿಗಳ ಮೇಲೆ ಒಂದು ಕಠೋರ ಪ್ರಯೋಗ ಮಾಡಿದರು. ಏನು ಮಾಡಿದರೂ ನಿಲ್ಲದ ವಿದ್ಯುತ್ ಆಘಾತ ಅನುಭವಿಸಿದ ನಾಯಿಗಳಲ್ಲಿ ಬಹಳಷ್ಟು, ಮುಂದೆ ಪಾರಾಗುವ ದಾರಿ ಎದುರಿಗಿದ್ದಾಗಲೂ ಕೂತಲ್ಲೇ ಕೂತವು. ಅಸಹಾಯಕತೆಯನ್ನು ಅವು “ಕಲಿತವು” ಎಂದು ಆಗ ವಿವರಿಸಿದರು. 2016ರಲ್ಲಿ ಅದೇ ಇಬ್ಬರು, ಇಲಿಗಳ ಮಿದುಳಿನ ಅಧ್ಯಯನಗಳನ್ನು ಮುಂದಿಟ್ಟು ತಮ್ಮ ವಿವರಣೆಯನ್ನೇ ತಿರುಗಿಸಿ ಹಾಕಿದರು. ದೀರ್ಘ ಕಷ್ಟಕ್ಕೆ ಸಸ್ತನಿಗಳ ಮಿದುಳು ಕೊಡುವ ಹುಟ್ಟುಪ್ರತಿಕ್ರಿಯೆಯೇ ನಿಷ್ಕ್ರಿಯತೆ. ಕಲಿಯಬೇಕಾದದ್ದು “ನಾನು ಏನಾದರೂ ಮಾಡಿದರೆ ಇದು ನಿಲ್ಲುತ್ತದೆ” ಎಂಬುದನ್ನು. ಆ ಅರಿವು ಮೂಡಿದಾಗ ಮಿದುಳಿನ ಮುಂಭಾಗ, ಆಳದಲ್ಲಿರುವ ಒತ್ತಡದ ಕೇಂದ್ರವನ್ನು ಹತೋಟಿಗೆ ತರುತ್ತದೆ.

ಚಿಂಚಿಲ್ಲಾ ಸಾಕುವವರಿಗೆ ಇದಕ್ಕಿಂತ ಉಪಯುಕ್ತ ಮಾತನ್ನು ನಾನು ಬೇರೆ ಕಂಡಿಲ್ಲ. ಹಿಡಿದು ಹಿಡಿದು ಅಭ್ಯಾಸ ಮಾಡಿಸಿದರೆ ಒಗ್ಗುತ್ತದೆ ಎಂದು ಹೇಳುವವರಿದ್ದಾರೆ. ಹಾಗೆ ಹಿಡಿದ ಪ್ರಾಣಿ ಒದ್ದಾಡುವುದನ್ನು ಬಿಟ್ಟೀತು. ಆದರೆ ಅದು ತಿಳಿದುಕೊಂಡದ್ದು ತನ್ನ ಪ್ರಯತ್ನಕ್ಕೆ ಬೆಲೆಯಿಲ್ಲ ಎಂಬುದನ್ನು. ವಿಶ್ವಾಸ ಹುಟ್ಟುವುದು ಇನ್ನೊಂದು ದಾರಿಯಲ್ಲಿ. ಮುಂದೆ ಏನಾಗುತ್ತದೆ ಎಂದು ಅದಕ್ಕೆ ಮೊದಲೇ ಗೊತ್ತಿರಬೇಕು. ಬೇಡವೆನಿಸಿದಾಗ ಹೋಗಲು ಬಿಡಬೇಕು. ಇನ್ನು ಮುಂದೆ ಹೇಳುವುದೆಲ್ಲ ಇವೆರಡರ ವಿಸ್ತರಣೆ.

ಗೂಡನ್ನು ಗೋಡೆಗೆ ಒತ್ತಿ, ನೆಲದಿಂದ ಮೇಲೆ ಇಡಿ. ನಾಲ್ಕೂ ಕಡೆಯಿಂದ ಜನ ಓಡಾಡುವ ನಡುಮನೆ ಬೇಡ. ಒಳಗೆ ಮರದ ಪೆಟ್ಟಿಗೆಯೊಂದಿರಲಿ, ಅದರೊಳಗೆ ಹೊಕ್ಕಾಗ ಯಾರೂ ಕೈ ಹಾಕಬಾರದು. ಮೊದಲ ಕೆಲವು ದಿನ ಹುಲ್ಲು, ನೀರು ಕೊಡುವುದು ಬಿಟ್ಟರೆ ಬೇರೆ ಒಡನಾಟ ಬೇಕಿಲ್ಲ. ಆ ಕೆಲಸವೂ ದಿನಾ ಅದೇ ಹೊತ್ತಿಗೆ, ಅದು ಎಚ್ಚರಾಗುವ ಸಂಜೆಯಲ್ಲಿ ಆಗಲಿ.

ಕೈಗಿಂತ ಮೊದಲು ದನಿ ಹೋಗಬೇಕು. ಚಿಂಚಿಲ್ಲಾದ ಕಿವಿಗೆ ಕೇಳಿಸುವ ಸದ್ದುಗಳ ವ್ಯಾಪ್ತಿ ನಮ್ಮದಕ್ಕೆ ಬಹಳ ಹತ್ತಿರ. ಇಲಿ, ಸುಂಡಿಲಿಗಳ ಹಾಗೆ ನಮಗೆ ಕೇಳಿಸದ ಎತ್ತರದ ಸ್ವರಗಳ ಲೋಕದಲ್ಲಿ ಅದು ಬದುಕುವುದಿಲ್ಲ. ಆದ್ದರಿಂದಲೇ ಶ್ರವಣವಿಜ್ಞಾನಿಗಳು ದಶಕಗಳಿಂದ ಅದರ ಕಿವಿಯನ್ನು ಅಧ್ಯಯನ ಮಾಡುತ್ತ ಬಂದಿದ್ದಾರೆ. 1975ರಲ್ಲಿ ಪೆಟ್ರೀಶಿಯಾ ಕೂಲ್ ಮತ್ತು ಜೇಮ್ಸ್ ಮಿಲ್ಲರ್ ‘ಸೈನ್ಸ್’ ಪತ್ರಿಕೆಯಲ್ಲಿ ಬೆರಗಿನ ಫಲಿತಾಂಶವೊಂದನ್ನು ಪ್ರಕಟಿಸಿದರು. ಇಂಗ್ಲಿಷಿನ ‘ಡಾ’ ಮತ್ತು ‘ಟಾ’ ಸದ್ದುಗಳನ್ನು ಬೇರೆ ಮಾಡಿ ಗುರುತಿಸಲು ಚಿಂಚಿಲ್ಲಾಗಳಿಗೆ ಕಲಿಸಿ, ಎರಡರ ನಡುವೆ ಹಂತಹಂತವಾಗಿ ಬದಲಾಗುವ ಕೃತಕ ಸದ್ದುಗಳನ್ನು ಕೇಳಿಸಿದರು. ಒಂದು ಮುಗಿದು ಇನ್ನೊಂದು ಶುರುವಾಗುವ ಗೆರೆಯನ್ನು ಇಂಗ್ಲಿಷ್ ಆಡುವ ಮನುಷ್ಯರು ಎಲ್ಲಿ ಎಳೆಯುತ್ತಾರೋ ಹೆಚ್ಚುಕಡಿಮೆ ಅಲ್ಲೇ ಚಿಂಚಿಲ್ಲಾಗಳೂ ಎಳೆದವು. ಮಾತಿನ ಇಷ್ಟು ಸೂಕ್ಷ್ಮ ವ್ಯತ್ಯಾಸ ಹಿಡಿಯುವ ಕಿವಿಗೆ ನಿಮ್ಮ ಮನೆಯ ಒಬ್ಬೊಬ್ಬರ ದನಿಯನ್ನೂ ಗುರುತಿಟ್ಟುಕೊಳ್ಳುವುದು ಕಷ್ಟವಲ್ಲ. ಕೋಣೆಗೆ ಬರುವ ಮುನ್ನವೇ ಒಂದೇ ಮಾತನ್ನು ಒಂದೇ ರಾಗದಲ್ಲಿ ಹೇಳಿ: “ಬಂದೆ ಕಣೋ, ಹುಲ್ಲು ಹಾಕ್ತೀನಿ.” ಆ ಮಾತಿನ ಹಿಂದೆ ಹುಲ್ಲೇ ಬರಬೇಕು. ಅದೇ ರಾಗದಲ್ಲಿ ಕರೆದು ಹಿಡಿದುಬಿಟ್ಟರೆ ಆ ಮಾತನ್ನು ಅದು ಮತ್ತೆ ನಂಬುವುದಿಲ್ಲ.

ಕೈ ಮೇಲಿನಿಂದ ಬರಬಾರದು. ಮೆಲಿಸ್ ಯಿಲ್ಮಾಜ್ ಮತ್ತು ಮಾರ್ಕಸ್ ಮೈಸ್ಟರ್ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸುಂಡಿಲಿಗಳ ನೆತ್ತಿಯ ಮೇಲಿದ್ದ ಪರದೆಯಲ್ಲಿ ಕಪ್ಪು ಬಿಲ್ಲೆಯೊಂದು ದೊಡ್ಡದಾಗುತ್ತ ಬಂದರೆ ಸಾಕು, ಅವು ಕ್ಷಣದಲ್ಲಿ ಓಡಿ ಅಡಗುತ್ತಿದ್ದವು ಇಲ್ಲವೇ ಸ್ತಬ್ಧವಾಗುತ್ತಿದ್ದವು. ಯಾವ ತರಬೇತಿಯೂ ಬೇಕಿರಲಿಲ್ಲ. ಪ್ರಯೋಗ ಸುಂಡಿಲಿಯದಾದರೂ, ಹದ್ದು–ಗೂಬೆಗಳಿಗೆ ಬಲಿಯಾಗುವ ಸಣ್ಣ ದಂಶಕಗಳೆಲ್ಲದರ ವಿಷಯದಲ್ಲೂ ಈ ಎಚ್ಚರಿಕೆ ಇಟ್ಟುಕೊಳ್ಳುವುದು ಒಳ್ಳೆಯದು. ಮೇಲಿನಿಂದ ತೆರೆಯುವ ಗೂಡು ಆದಷ್ಟೂ ಬೇಡ.

ಅಂಗೈಯನ್ನು ಮೇಲೆ ಮಾಡಿ ಗೂಡಿನ ನೆಲಕ್ಕೆ ಆನಿಸಿ ಇಡಿ. ಬೆರಳುಗಳ ಮೇಲೆ ಓಟ್ಸಿನ ಒಂದೆರಡು ಚೂರು ಅಥವಾ ಒಣಗಿದ ಕಾಡುಗುಲಾಬಿ ಕಾಯಿಯ ತುಣುಕು ಇರಲಿ. ಒಣದ್ರಾಕ್ಷಿ, ಗೋಡಂಬಿ ಬೇಡ. ಒರಟು ಹುಲ್ಲಿಗೆಂದೇ ಆದ ಅದರ ಕರುಳು ಸಿಹಿ, ಕೊಬ್ಬು ತಡೆಯುವುದಿಲ್ಲ. ಇನ್ನು ಸುಮ್ಮನೆ ನೋಡುತ್ತಿರಿ. ಮೊದಲು ಕಿವಿ ತಿರುಗುತ್ತದೆ. ಆಮೇಲೆ ಮೂತಿ ಮುಂದೆ ಬರುತ್ತದೆ, ಕತ್ತು ನೀಳುತ್ತದೆ, ಮೈಯೆಲ್ಲ ಉದ್ದವಾಗುತ್ತದೆ. ಹಿಂಗಾಲು ಮಾತ್ರ ಇದ್ದಲ್ಲೇ ಊರಿರುತ್ತವೆ. ಮೀಸೆಯ ತುದಿ ನಿಮ್ಮ ಬೆರಳಿಗೆ ತಾಗುತ್ತದೆ, ಅದು ಚಿಮ್ಮಿ ಹಿಂದೆ ಸರಿಯುತ್ತದೆ, ಮತ್ತೆ ನೀಳುತ್ತದೆ. ದಂಶಕಗಳ ಭಯವನ್ನು ಅಧ್ಯಯನ ಮಾಡುವವರು ಈ ಭಂಗಿಯನ್ನು ಅಪಾಯ ಅಳೆಯುವ ನಡೆ ಎಂದು ಗುರುತಿಸುತ್ತಾರೆ. ಅರ್ಧ ದೇಹ ವಿಚಾರಿಸುತ್ತಿರುತ್ತದೆ, ಇನ್ನರ್ಧ ಓಡಲು ಸಿದ್ಧವಾಗಿರುತ್ತದೆ. ಈ ಗಳಿಗೆಯಲ್ಲಿ ಬೆರಳು ಮಡಚಿದರೆ ಉತ್ತರ ಸಿಕ್ಕಿಹೋಯಿತು: ಇದು ಹಿಡಿಯುವ ಕೈ. ಮಡಚದಿದ್ದರೆ ಅದು ಚೂರನ್ನು ಕಚ್ಚಿಕೊಂಡು ದೂರ ಹೋಗಿ ತಿನ್ನುತ್ತದೆ. ಹೋಗಲಿ. ಹಾಗೆ ಹೋಗಲು ಬಿಟ್ಟದ್ದೇ ಅವತ್ತಿನ ಪಾಠ. ಹಲ್ಲಿನಿಂದ ಮೆಲ್ಲಗೆ ಬೆರಳು ಕಡಿದು ನೋಡಿದರೂ ಕೈ ಕಿತ್ತುಕೊಳ್ಳಬೇಡಿ, ಅದು ಪರೀಕ್ಷೆಯಷ್ಟೆ. ಹಿಂಗಾಲ ಮೇಲೆ ಎದ್ದು ನಿಂತು ಮೂತ್ರ ಚಿಮ್ಮಿಸಿದರೆ ಮಾತ್ರ, ಹೆಣ್ಣುಗಳು ಹೆಚ್ಚಾಗಿ ಹೀಗೆ ಮಾಡುತ್ತವೆ, ನೀವು ತೀರಾ ಹತ್ತಿರ ಬಂದಿದ್ದೀರಿ ಎಂದು ತಿಳಿದು ಹಿಂದೆ ಸರಿಯಿರಿ.

ಎತ್ತುವ ಪ್ರಸಂಗ ಬಂದೇ ಬರುತ್ತದೆ. ಇಲ್ಲಿ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲಿ ‘ನೇಚರ್ ಮೆಥಡ್ಸ್’ನಲ್ಲಿ ಪ್ರಕಟಿಸಿದ ಕೆಲಸ ದಾರಿ ತೋರಿಸುತ್ತದೆ. ಪ್ರಯೋಗಾಲಯದ ಸುಂಡಿಲಿಗಳನ್ನು ಬಾಲ ಹಿಡಿದು ಎತ್ತುವುದು ಹಳೆಯ ರೂಢಿ. ಅವರು ಕೆಲವನ್ನು ಹಾಗೆ ಎತ್ತಿದರು, ಕೆಲವನ್ನು ಬೊಗಸೆಯಲ್ಲಿ, ಇನ್ನು ಕೆಲವನ್ನು ಪಾರದರ್ಶಕ ಕೊಳವೆಯೊಳಗೆ ತಾವಾಗಿ ಹೋಗುವಂತೆ ಮಾಡಿ ಎತ್ತಿದರು. ಕೊಳವೆಯ, ಬೊಗಸೆಯ ಸುಂಡಿಲಿಗಳಲ್ಲಿ ಆತಂಕದ ಲಕ್ಷಣ ಕಡಿಮೆಯಿತ್ತು, ಅವು ಮನುಷ್ಯರ ಬಳಿಗೆ ತಾವೇ ಬರುತ್ತಿದ್ದವು. ಎತ್ತುವ ರೀತಿಯೊಂದನ್ನೇ ಬದಲಿಸಿದ್ದಕ್ಕೆ ಇಷ್ಟು ವ್ಯತ್ಯಾಸ. ಚಿಂಚಿಲ್ಲಾಕ್ಕೆ ಆ ಕೊಳವೆಯ ಕೆಲಸವನ್ನು ಧೂಳುಸ್ನಾನದ ಡಬ್ಬಿ ಸೊಗಸಾಗಿ ಮಾಡುತ್ತದೆ. ನೀರು ತಾಗಿದರೆ ಆ ತುಪ್ಪಳ ಬೇಗ ಒಣಗದೆ ಶಿಲೀಂಧ್ರ ಹಿಡಿಯುವುದರಿಂದ ಅದು ನುಣುಪಾದ ಜ್ವಾಲಾಮುಖಿ ಬೂದಿಯಲ್ಲಿ ಹೊರಳಿ ಸ್ನಾನ ಮಾಡುತ್ತದೆ. ವಾರಕ್ಕೆ ಎರಡು–ಮೂರು ಸಲ ಹತ್ತು ನಿಮಿಷ ಸಾಕು. ಡಬ್ಬಿ ಕಂಡರೆ ಹೆದರುಪುಕ್ಕಲು ಚಿಂಚಿಲ್ಲಾ ಕೂಡ ಒಳಗೆ ಹಾರುತ್ತದೆ. ಡಬ್ಬಿ ಸಮೇತ ಮೆಲ್ಲಗೆ ಎತ್ತಿ ಇನ್ನೊಂದು ಕಡೆ ಇಳಿಸುವುದನ್ನು ರೂಢಿ ಮಾಡಿದರೆ ಓಡಿಸಿ ಹಿಡಿಯುವ ಪ್ರಮೇಯವೇ ಇರುವುದಿಲ್ಲ.

ಓಡಿಸಿ ಹಿಡಿಯುವುದು ಭಯದ ಮಾತಷ್ಟೇ ಆಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ತಂಪು ಬೆಟ್ಟಕ್ಕೆಂದು ಆದ ಈ ಮೈಗೆ ಸೆಕೆ ಹೊರಹಾಕುವ ದಾರಿ ಕಡಿಮೆ. ಬೆವರುವುದಿಲ್ಲ, ಕಿವಿಗಳ ಮೂಲಕವಷ್ಟೇ ಸ್ವಲ್ಪ ಶಾಖ ಬಿಡುತ್ತದೆ. ಕೋಣೆಯ ಉಷ್ಣತೆ 25 ಡಿಗ್ರಿ ದಾಟಿದರೆ ಜೋಪಾನ ಬೇಕು, ಇನ್ನೂ ಏರಿದರೆ ಶಾಖಾಘಾತವಾಗಬಹುದು. ಬೆದರಿ ಓಡುವ ಪ್ರಾಣಿಯ ಮೈ ಬಿಸಿ ತಾನಾಗಿಯೇ ಏರುತ್ತದೆ. ಕಿವಿ ಕೆಂಪಾಗಿ ರಕ್ತನಾಳ ಎದ್ದು ಕಂಡರೆ ಎಲ್ಲ ನಿಲ್ಲಿಸಿ ತಂಪು ಜಾಗಕ್ಕೆ ಬಿಡಿ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಮುಟ್ಟುವ ಬೆಂಗಳೂರಿನಲ್ಲಿ, ಕರೆಂಟು ಹೋದರೂ ನಡೆಯುವ ಎಸಿ ಇಲ್ಲದ ಮನೆಗೆ ಈ ಪ್ರಾಣಿಯನ್ನು ತರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಂತೂ ಆ ಯೋಚನೆಯೇ ಬೇಡ.

ಇಷ್ಟೆಲ್ಲ ಮಾಡಿ, ಅದು ಕೈಯಿಂದ ತಿನ್ನತೊಡಗಿದ ಮೇಲೂ ಒಂದು ದಿನ ಕುಕ್ಕರ್ ಸೀಟಿಗೋ ನೆಂಟರ ಮಕ್ಕಳ ಕಿರುಚಾಟಕ್ಕೋ ಬೆದರಿ ಮೊದಲಿನಂತೆ ಮೂಲೆ ಸೇರಬಹುದು. ಪಟ್ಟ ಶ್ರಮವೆಲ್ಲ ನೀರುಪಾಲಾಯಿತು ಎಂದು ಕೈಚೆಲ್ಲಬೇಡಿ. ಅಳಿಸಿಹೋಯಿತೆಂದುಕೊಂಡ ಕಲಿಕೆ ಸ್ವಲ್ಪ ಬಿಡುವಿನ ಬಳಿಕ ತಾನಾಗಿ ಮರಳುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೋವ್ ನೂರು ವರ್ಷದ ಹಿಂದೆಯೇ ಗಮನಿಸಿದ್ದ. ಭಯದ ನೆನಪು ಮಿದುಳಿನಿಂದ ಹೋಗಿರುವುದಿಲ್ಲ. ಅದರ ಪಕ್ಕದಲ್ಲಿ “ಇಲ್ಲಿ ಅಪಾಯವಿಲ್ಲ” ಎಂಬ ಹೊಸ ನೆನಪು ಬೆಳೆದಿರುತ್ತದೆ. ಈ ಹೊಸ ನೆನಪು ಕಲಿತ ಜಾಗಕ್ಕೆ, ಕಲಿಸಿದ ವ್ಯಕ್ತಿಗೆ ಅಂಟಿಕೊಂಡಿರುವುದೇ ಹೆಚ್ಚು. ಅಪ್ಪನ ಕೈಗೆ ಬರುವ ಚಿಂಚಿಲ್ಲಾ ಮಗಳ ಕೈಗೆ ಬಾರದಿದ್ದರೆ, ಗೂಡಿನಲ್ಲಿ ಧೈರ್ಯವಾಗಿರುವುದು ಸ್ನಾನದ ಕೋಣೆಯ ನೆಲದ ಮೇಲೆ ನಡುಗಿದರೆ ಆಶ್ಚರ್ಯವಿಲ್ಲ. ಪ್ರತಿ ಹೊಸ ಜಾಗದಲ್ಲಿ, ಪ್ರತಿ ಹೊಸ ಕೈಗೆ ಸ್ವಲ್ಪ ದೂರದಿಂದ ಮತ್ತೆ ಶುರು ಮಾಡಬೇಕು. ಎರಡನೆಯ ಸಲಕ್ಕೆ ಮೊದಲಿನಷ್ಟು ಕಾಲ ಹಿಡಿಯುವುದಿಲ್ಲ.

ಮಡಿಲಲ್ಲಿ ಮಲಗುವ ಚಿಂಚಿಲ್ಲಾಗಳು ಕಡಿಮೆ. ಬಾಗಿಲ ಸದ್ದಿಗೆ ಮುಂದೆ ಬರುವುದು, ನೀವು ಕೋಣೆಯಲ್ಲಿರುವಾಗಲೇ ಪಕ್ಕಕ್ಕೆ ಒರಗಿ ನಿದ್ದೆ ಮಾಡುವುದು, ನಿಮ್ಮ ಮುಂಗೈ ಕೂದಲನ್ನು ಹಲ್ಲಿನಿಂದ ಮೃದುವಾಗಿ ಬಾಚುವುದು, ಗಲ್ಲದ ಕೆಳಗೆ ಕೆರೆಯಲು ಕತ್ತು ಎತ್ತಿ ಕೊಡುವುದು, ಇವೆಲ್ಲ ವಿಶ್ವಾಸದ ಗುರುತುಗಳು. ಹದಿನೈದು–ಇಪ್ಪತ್ತು ವರ್ಷ ಬಾಳುವ ಪ್ರಾಣಿ ಇದು, ಅವಸರಪಡಬೇಕಾದದ್ದೇನೂ ಇಲ್ಲ.

ಈ ವಿಶ್ವಾಸದಿಂದ ಅದರ ಜೀವಕ್ಕೂ ಲಾಭವಿದೆ. ಚಿಂಚಿಲ್ಲಾದ ಹಲ್ಲು ಬದುಕಿಡೀ ಬೆಳೆಯುತ್ತಲೇ ಇರುತ್ತದೆ. ಸರಿಯಾಗಿ ಸವೆಯದಿದ್ದರೆ ಬೇರು ದವಡೆಯೊಳಗೆ ಒತ್ತಿ ವಿಪರೀತ ನೋವಾಗುತ್ತದೆ. ಆದರೂ ಅದು ಕೊನೆಯವರೆಗೂ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಬೇಟೆಗೆ ಬಲಿಯಾಗುವ ಪ್ರಾಣಿ ನೋವು ತೋರಿಸಿಕೊಳ್ಳುವುದು ಕಡಿಮೆ. ಹೊರಗೆ ಕಾಣುವ ಮೊದಲ ಸುಳಿವು ತೂಕ ಇಳಿಯುವುದು. ಅಡುಗೆಮನೆಯ ಸಣ್ಣ ತಕ್ಕಡಿಯ ಮೇಲೆ ಧೂಳುಸ್ನಾನದ ಡಬ್ಬಿಯಂಥದೇ ಖಾಲಿ ಡಬ್ಬಿ ಇಟ್ಟು, ಓಟ್ಸಿನ ಚೂರು ಹಾಕಿದರೆ ನಿಮ್ಮನ್ನು ನಂಬಿದ ಚಿಂಚಿಲ್ಲಾ ತಾನೇ ಹತ್ತಿ ಕೂರುತ್ತದೆ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ತೂಕ ವಾರ ವಾರ ಇಳಿಯುತ್ತಿದ್ದರೆ, ಹಿಕ್ಕೆ ಸಣ್ಣದಾದರೆ, ಗಲ್ಲ ಜೊಲ್ಲಿನಿಂದ ಒದ್ದೆಯಾಗಿದ್ದರೆ ತಡಮಾಡದೆ ಈ ಜಾತಿಯ ಪ್ರಾಣಿಗಳನ್ನು ನೋಡಿ ಗೊತ್ತಿರುವ ವೈದ್ಯರಲ್ಲಿಗೆ ಒಯ್ಯಿರಿ. ಒಂದು ಇಡೀ ದಿನ ಏನನ್ನೂ ತಿನ್ನದಿದ್ದರೆ ಅವತ್ತೇ ಹೋಗಬೇಕು, ಅದರ ಕರುಳು ಖಾಲಿಯಿದ್ದರೆ ಕೆಲಸ ನಿಲ್ಲಿಸಿಬಿಡುತ್ತದೆ.