ಹೊಲದಡಿ ಸಿಕ್ಕ ಚರ್ಚ್: ಮೇರಿಲ್ಯಾಂಡಿನ ಚಾಪೆಲ್ ಫೀಲ್ಡ್ ಕಥೆ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ದಕ್ಷಿಣದ ತುದಿಯಲ್ಲಿ ಸೇಂಟ್ ಮೇರೀಸ್ ಸಿಟಿ ಅಂತ ಒಂದು ಊರಿದೆ. ಹೆಸರಿಗೆ ಮಾತ್ರ ಸಿಟಿ. ನದಿ ದಂಡೆ ಮೇಲೆ ಒಂದು ಮ್ಯೂಸಿಯಂ, ಪಕ್ಕದಲ್ಲೇ ಒಂದು ಸರ್ಕಾರಿ ಕಾಲೇಜು, ಮಿಕ್ಕಿದ್ದೆಲ್ಲ ಹೊಲ, ಮರ. 1634ರಿಂದ ಸುಮಾರು 60 ವರ್ಷ ಇದೇ ಮೇರಿಲ್ಯಾಂಡಿನ ರಾಜಧಾನಿ ಆಗಿತ್ತು ಅಂದ್ರೆ ನಂಬೋದು ಕಷ್ಟ. 1970ರ ದಶಕದಿಂದ ಇಲ್ಲಿ ಬೇಸಿಗೆಯಲ್ಲಿ ಫೀಲ್ಡ್ ಸ್ಕೂಲ್ ನಡೆಯುತ್ತೆ. ಕಾಲೇಜು ಹುಡುಗ ಹುಡುಗಿಯರು ಬಂದು ಕರಣೆ ಹಿಡಿದು ಮಣ್ಣು ಕೆರೆಯುತ್ತಾರೆ, ಜರಡಿ ಹಿಡಿಯುತ್ತಾರೆ, ಸಿಕ್ಕಿದ್ದನ್ನು ತೊಳೆದು ನಂಬರ್ ಹಾಕುತ್ತಾರೆ. ಹೀಗೆ ಅವರು ಕೈಯಾಡಿಸಿದ ಜಾಗಗಳಲ್ಲಿ ಚಾಪೆಲ್ ಫೀಲ್ಡ್ ಕೂಡ ಒಂದು. ಮೇಲೆ ನೋಡಿದರೆ ಬರೀ ಹೊಲ, ಕೆಳಗೆ ಒಂದು ಚರ್ಚಿನ ತಳಪಾಯ.

ಆ ಚರ್ಚ್ ಅಲ್ಲಿ ಯಾಕಿತ್ತು, ಯಾಕೆ ಮಾಯವಾಯಿತು ಅಂತ ತಿಳಿಯಲು ಇಂಗ್ಲೆಂಡಿಗೆ ಹೋಗಬೇಕು. 1600ರ ದಶಕದ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರು ಬಹಿರಂಗವಾಗಿ ಪೂಜೆ ಮಾಡುವ ಹಾಗಿರಲಿಲ್ಲ. ಸಿಸಿಲ್ ಕ್ಯಾಲ್ವರ್ಟ್ ಎಂಬ ಕ್ಯಾಥೊಲಿಕ್ ಶ್ರೀಮಂತನಿಗೆ 1632ರಲ್ಲಿ ರಾಜನಿಂದ ಈ ವಸಾಹತಿನ ಸನ್ನದು ಸಿಕ್ಕಿತು. ಎರಡು ಹಡಗು ತುಂಬಿಸಿ ಜನ ಕಳಿಸಿದ. ಅವರಲ್ಲಿ ಸಾಮಾನ್ಯ ಜನರೆಲ್ಲ ಹೆಚ್ಚಾಗಿ ಪ್ರಾಟೆಸ್ಟೆಂಟರೇ. ಅದಕ್ಕೇ ಹೊರಡುವ ಮೊದಲೇ ಸಿಸಿಲ್ ಒಂದು ತಾಕೀತು ಮಾಡಿದ್ದ: ಕ್ಯಾಥೊಲಿಕರು ತಮ್ಮ ಪೂಜೆಯನ್ನು ಆದಷ್ಟು ಗುಟ್ಟಾಗಿ ಮಾಡಿಕೊಳ್ಳಬೇಕು, ಯಾರನ್ನೂ ಕೆಣಕಬಾರದು. ಬುದ್ಧಿವಂತ ಮನುಷ್ಯ. ಮೇರಿಲ್ಯಾಂಡಿನಲ್ಲಿ ಸರ್ಕಾರದ್ದು ಅಂತ ಒಂದು ಧರ್ಮ ಇರಲಿಲ್ಲ, ಯಾವ ಚರ್ಚಿಗೂ ತೆರಿಗೆ ದುಡ್ಡು ಇರಲಿಲ್ಲ.

ಜೆಸುಯಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು ಮೊದಲು ಕಟ್ಟಿದ್ದು ಮರದ ಚಾಪೆಲ್, ಅಂದ್ರೆ ಒಂದು ಚರ್ಚ್. 1645ರಲ್ಲಿ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆಯುತ್ತಿದ್ದ ಅಂತರ್ಯುದ್ಧದ ಕಿಡಿ ಇಲ್ಲಿಗೂ ಬಿತ್ತು. ರಿಚರ್ಡ್ ಇಂಗಲ್ ಎಂಬ ಹಡಗಿನ ಕಪ್ತಾನ ಪಾರ್ಲಿಮೆಂಟ್ ಪರ ಅಂತ ಹೇಳಿಕೊಂಡು ಊರು ಲೂಟಿ ಮಾಡಿದ, ಚಾಪೆಲ್ ಸುಟ್ಟುಹೋಯಿತು, ಪಾದ್ರಿ ಆಂಡ್ರ್ಯೂ ವೈಟ್‌ರನ್ನು ಬೇಡಿ ಹಾಕಿ ಇಂಗ್ಲೆಂಡಿಗೆ ಸಾಗಿಸಿದರು. ಅದಾದ ಮೇಲೆ 1649ರಲ್ಲಿ ಧರ್ಮ ಸಹಿಷ್ಣುತೆಯ ಕಾಯ್ದೆ ಬಂತು. ಈ ಕಾಯ್ದೆಯನ್ನು ಹೊಗಳುವವರು ಒಂದು ವಿಷಯ ಮೆಲ್ಲಗೆ ಬಿಟ್ಟುಬಿಡುತ್ತಾರೆ. ಅದರ ರಕ್ಷಣೆ ಇದ್ದದ್ದು ಕ್ರೈಸ್ತರಿಗೆ ಮಾತ್ರ. ಯೇಸುವಿನ ದೈವತ್ವ ಒಪ್ಪದವರಿಗೆ ಅದರಲ್ಲೇ ಮರಣದಂಡನೆ ಇತ್ತು.

ಸುಮಾರು 1667ರಲ್ಲಿ ಇಟ್ಟಿಗೆ ಚಾಪೆಲ್ ಎದ್ದಿತು. ಶಿಲುಬೆ ಆಕಾರ, 54 ಅಡಿ ಉದ್ದ, ಎರಡು ತೋಳು ಸೇರಿಸಿದರೆ 57 ಅಡಿ ಅಗಲ. ಸುತ್ತಲೂ ಮರದ ಮನೆಗಳು, ನಡುವೆ ಇದು. ಗುಟ್ಟಾಗಿರಿ ಅಂತ ಹೇಳಿಸಿಕೊಂಡು ಬಂದವರು ಇಷ್ಟು ದೊಡ್ಡದಾಗಿ ಕಟ್ಟಿದರಲ್ಲ, ಆ ಧೈರ್ಯವೇ ಒಂದು ಸುದ್ದಿ. ಆದರೆ ಅದು ಬಹಳ ದಿನ ಉಳಿಯಲಿಲ್ಲ. 1689ರಲ್ಲಿ ಪ್ರಾಟೆಸ್ಟೆಂಟರು ದಂಗೆ ಎದ್ದು ಕ್ಯಾಲ್ವರ್ಟ್ ಆಡಳಿತ ಕಿತ್ತುಹಾಕಿದರು. ರಾಜಧಾನಿ ಅನಾಪೊಲಿಸ್‌ಗೆ ಹೋಯಿತು. 1704ರಲ್ಲಿ ಗವರ್ನರ್ ಜಾನ್ ಸೀಮೋರ್ ಚಾಪೆಲ್ಲಿಗೆ ಬೀಗ ಜಡಿಯಲು ಅಲ್ಲಿನ ಕಾನೂನು ಪಾಲನೆಯ ಅಧಿಕಾರಿಯಾದ ಶೆರಿಫ್‌ಗೆ ಆಜ್ಞೆ ಮಾಡಿದ. ಮತ್ತೆ ಅಲ್ಲಿ ಪೂಜೆ ನಡೆಯಬಾರದು ಅಂತ.

ಮುಂದೆ ಅದನ್ನು ಕೆಡವಿದವರು ಶತ್ರುಗಳಲ್ಲ, ಜೆಸುಯಿಟರೇ. ಇಟ್ಟಿಗೆ ಬಿಚ್ಚಿ ಕೆಲವೇ ಮೈಲಿ ದೂರದ ಸೇಂಟ್ ಇನಿಗೋಸ್ ಎಂಬ ತಮ್ಮ ಜಮೀನಿಗೆ ಸಾಗಿಸಿದರು. ಖಾಲಿ ಜಾಗ ಹೊಲವಾಯಿತು, ನೇಗಿಲು ಓಡಿತು. ರಾಜಧಾನಿ ಹೋದ ಮೇಲೆ ಊರೇ ಸತ್ತಿತು ಅನ್ನಿ. ಅದು ಸತ್ತದ್ದರಿಂದಲೇ ಇವತ್ತು ಇಷ್ಟು ಕಥೆ ಸಿಕ್ಕಿದ್ದು. ಅದೇ ಜಾಗದಲ್ಲಿ ದೊಡ್ಡ ನಗರ ಬೆಳೆದಿದ್ದರೆ ಪೈಪು, ಬೇಸ್‌ಮೆಂಟು ಅಂತ ತಳಪಾಯ ಪೂರ್ತಿ ಹಾಳಾಗುತ್ತಿತ್ತು.

1938ರಲ್ಲಿ ವಾಸ್ತುಶಿಲ್ಪಿ ಹೆನ್ರಿ ಚಾಂಡ್ಲೀ ಫೋರ್ಮನ್ ಈ ತಳಪಾಯ ಪತ್ತೆ ಮಾಡಿದರು. ಶಿಲುಬೆ ಆಕಾರ ಗೊತ್ತಾದದ್ದು ಆಗಲೇ. ಮತ್ತೆ ಮಣ್ಣು ಮುಚ್ಚಿದರು. 1988ರಲ್ಲಿ ಮ್ಯೂಸಿಯಂನವರು ದೊಡ್ಡ ಮಟ್ಟದಲ್ಲಿ ಅಗೆತ ಶುರುಮಾಡಿದಾಗ ಗೋಡೆ ಒಂದೂ ಇರಲಿಲ್ಲ, ಚಿತ್ರ ಒಂದೂ ಇರಲಿಲ್ಲ. ಇದ್ದದ್ದು 3 ಅಡಿ ದಪ್ಪ, 5 ಅಡಿ ಆಳದ ಬುನಾದಿ. ಇಷ್ಟು ಗಟ್ಟಿ ಬುನಾದಿ ಸುಮ್ನೆ ಯಾರೂ ಹಾಕಲ್ಲ, ಅಲ್ವಾ? ಅದರ ಲೆಕ್ಕದಲ್ಲೇ ಗೋಡೆ ಸುಮಾರು 25 ಅಡಿ ಎತ್ತರ ಇದ್ದಿರಬೇಕು ಅಂತ ಊಹಿಸಿದರು. ಗಾರೆಯ ಚೂರು, ಕಿಟಕಿ ಗಾಜಿನ ಚೂರು, ವಿಶೇಷ ಆಕಾರದ ಇಟ್ಟಿಗೆ ತುಂಡುಗಳಿಂದ ಗೋಡೆ ಕಿಟಕಿಗಳ ರೂಪ ತಿಳಿಯಿತು.

ವಿದ್ಯಾರ್ಥಿಗಳಿಗೆ ಇಲ್ಲಿ ಮೊದಲು ಕಲಿಸುವುದು ಮಣ್ಣಿನ ಬಣ್ಣ ನೋಡುವುದನ್ನು. ಮದುವೆ ಚಪ್ಪರದ ಕಂಬ ಕಿತ್ತ ಗುಂಡಿಗೆ ಬೇರೆ ಮಣ್ಣು ತುಂಬಿದರೆ ಆ ಗುರುತು ಉಳಿಯುತ್ತಲ್ಲ, ಹಾಗೇ ಕೊಳೆತ ಕಂಬವೂ ಒಂದು ಕಪ್ಪು ಕಲೆ ಬಿಟ್ಟುಹೋಗುತ್ತೆ. ಸಮಾಧಿಯೂ ಅಷ್ಟೇ, ತೋಡಿ ಮುಚ್ಚಿದ ಮಣ್ಣಿಗೆ ಸುತ್ತಲಿನ ಮಣ್ಣಿನ ಬಣ್ಣ ಮತ್ತೆ ಬರಲ್ಲ. ಮೇಲಿನ ಉತ್ತ ಮಣ್ಣನ್ನು ತೆಗೆದು, ನೆಲವನ್ನು ಕರಣೆಯಿಂದ ನಯವಾಗಿ ಹೆರೆದರೆ ಉದ್ದುದ್ದ ಕಲೆಗಳು ಕಾಣುತ್ತವೆ. ಇಂಥ ಸಮಾಧಿಗಳು ಈ ಹೊಲದಲ್ಲಿ ಸುಮಾರು 400 ಇರಬಹುದು ಅನ್ನುವ ಅಂದಾಜಿದೆ.

1990ರಲ್ಲಿ ಚಾಪೆಲ್ಲಿನ ನೆಲದಡಿ ಮೂರು ಸೀಸದ ಶವಪೆಟ್ಟಿಗೆ ಸಿಕ್ಕವು. ಒಂದು ದೊಡ್ಡದು, ಒಂದು ಮಧ್ಯಮ, ಒಂದು ಮಗುವಿನದು. 1992ರಲ್ಲಿ ತೆರೆಯುವ ಹೊತ್ತಿಗೆ ನಾಸಾದವರೂ ಬಂದಿದ್ದರು. ಸೀಸದೊಳಗೆ ಕಾರ್ಖಾನೆ ಹೊಗೆ ಸೋಕದ 1600ರ ದಶಕದ ಗಾಳಿ ಹಾಗೇ ಉಳಿದಿರಬಹುದೇನೋ ಅಂತ ಆಸೆ. ಉಳಿದಿರಲಿಲ್ಲ, ಹೊರಗಿನ ಗಾಳಿ ಒಳಗೆ ಸೇರಿತ್ತು. ದೊಡ್ಡ ಪೆಟ್ಟಿಗೆಯಲ್ಲಿದ್ದದ್ದು ಸಿಸಿಲ್‌ನ ಮಲತಮ್ಮ ಫಿಲಿಪ್ ಕ್ಯಾಲ್ವರ್ಟ್, ಸ್ವಲ್ಪ ಕಾಲ ಗವರ್ನರ್ ಆಗಿದ್ದವನು. ಮಧ್ಯದ್ದರಲ್ಲಿ ಅವನ ಮೊದಲ ಹೆಂಡತಿ ಆನ್ ವೂಲ್ಸ್‌ಲಿ. ಆಕೆಯ ಅಸ್ಥಿ ಚೆನ್ನಾಗಿ ಉಳಿದಿತ್ತು. ಜೊತೆಗೆ ರೋಸ್ಮರಿ ಗಿಡದ ಕಡ್ಡಿಗಳು, ರೇಷ್ಮೆ ರಿಬ್ಬನ್ನು. ತೊಡೆ ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು, ಹಲ್ಲು ಬಹುಪಾಲು ಹೋಗಿತ್ತು. ಊರಿನ ದೊಡ್ಡ ಮನೆಯ ಹೆಂಗಸು ಕುಂಟುತ್ತಲೇ ಓಡಾಡಿದ್ದಿರಬೇಕು. ಸುಮಾರು ಆರು ತಿಂಗಳ ಆ ಮಗುವಿಗೆ ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗ ಇತ್ತು. ಮಗು ಫಿಲಿಪ್‌ನ ಎರಡನೇ ಹೆಂಡತಿಯ ಮಗಳು ಅಂತಲೇ ಅಂದುಕೊಂಡಿದ್ದರು. 2016ರಲ್ಲಿ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂತು. ಅದು ಗಂಡು ಮಗು, ಫಿಲಿಪ್‌ನದೇ.

ಅದೇ ಜಾಗದಲ್ಲಿ ಮತ್ತೆ ಕಟ್ಟಿದ ಇಟ್ಟಿಗೆ ಚಾಪೆಲ್ 2009ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಬಾಗಿಲಿನ ಬೀಗ ತೆಗೆದದ್ದು ಆಗಿನ ಶೆರಿಫ್. ಸ್ವಲ್ಪ ನಾಟಕೀಯ ನಿಜ, ಆದ್ರೂ ಚೆನ್ನಾಗಿತ್ತು. ಒಂದು ಮಾತು ಮಾತ್ರ ಹೇಳಬೇಕು. ನೆಲದ ನಕ್ಷೆ ಪಕ್ಕಾ, ಮೇಲಿನದರಲ್ಲಿ ಅಂದಾಜು ಜಾಸ್ತಿ. ಆ ಕಾಲದ ಯುರೋಪಿನ ಜೆಸುಯಿಟ್ ಚರ್ಚುಗಳನ್ನು ನೋಡಿ ತುಂಬಿಸಿದ್ದಾರೆ.

ಇನ್ನು ಆ ಇಟ್ಟಿಗೆ ಹೋದ ಸೇಂಟ್ ಇನಿಗೋಸ್. ಜೆಸುಯಿಟರ ಆ ಜಮೀನಿನಲ್ಲಿ ದುಡಿದವರಲ್ಲಿ ಗುಲಾಮರೂ ಇದ್ದರು. 1838ರಲ್ಲಿ ಮೇರಿಲ್ಯಾಂಡ್ ಜೆಸುಯಿಟರು ತಮ್ಮ ಜಮೀನುಗಳ 272 ಜನರನ್ನು ಲೂಸಿಯಾನಕ್ಕೆ ಮಾರಿದರು, ಆ ದುಡ್ಡಿನಲ್ಲಿ ಒಂದಿಷ್ಟು ತಮ್ಮದೇ ಆದ ಜಾರ್ಜ್‌ಟೌನ್ ಕಾಲೇಜಿನ ಸಾಲಕ್ಕೆ ಹೋಯಿತು. ಹಳೇ ರಾಜಧಾನಿಯ ನೆಲದಲ್ಲೂ ಗುಲಾಮರ ದುಡಿಮೆಯ ತೋಟವೇ ಇತ್ತು. 2016ರಲ್ಲಿ ಪಕ್ಕದ ಕಾಲೇಜಿನವರು ಸ್ಟೇಡಿಯಂ ಕಟ್ಟಲು ಹೊರಟಾಗ ಆ ಗುಲಾಮರ ಬಿಡಾರದ ಅವಶೇಷ ಸಿಕ್ಕಿತು. 2020ರಲ್ಲಿ ಅಲ್ಲಿ ಒಂದು ಸ್ಮಾರಕ ಎದ್ದಿತು. ಧರ್ಮ ಸ್ವಾತಂತ್ರ್ಯದ ತೊಟ್ಟಿಲು ಅಂತ ಈ ಊರನ್ನು ಕರೆಯುವವರು ಆ ಸ್ಮಾರಕದ ಕಡೆಗೂ ಒಮ್ಮೆ ನಡೆದು ಬಂದರೆ ಒಳ್ಳೆಯದು.

ಚಾಪೆಲ್ ಫೀಲ್ಡ್‌ನ ಬಹುತೇಕ ಸಮಾಧಿಗಳನ್ನು ಮುಟ್ಟದೆ ಹಾಗೇ ಬಿಟ್ಟಿದ್ದಾರೆ. 1634ರ ಮೊದಲ ಕೋಟೆಯ ಜಾಗ ಸಿಕ್ಕಿತು ಅಂತ 2021ರಲ್ಲಿ ಪ್ರಕಟವಾದ ಮೇಲೆ ಕರಣೆ, ಜರಡಿ ಎಲ್ಲ ಆ ಕಡೆ ತಿರುಗಿವೆ.