ಕೆರೆ ಪಾಚಿಯಿಂದ ಮೆಕ್ಕೆಜೋಳದವರೆಗೆ: ಆರ್‌ಬಿಸಿಎಲ್ ಜೀನಿನಲ್ಲಿ ಮೂರನೇ ಅಕ್ಷರದ ತೊಡಕು

ದಾವಣಗೆರೆ-ಚಿತ್ರದುರ್ಗದ ಕಡೆ ಎಂ.ಎಸ್ಸಿ. ಸಸ್ಯಶಾಸ್ತ್ರ ಓದುತ್ತಿರುವವರಿಗೆ ಈ ಟಿಪ್ಪಣಿ. ಒಂದು ಜೀನಿನ ಅನುಕ್ರಮಗಳನ್ನು ಹೋಲಿಸಿ, ಯಾವ ಸಸ್ಯ ಯಾವುದಕ್ಕೆ ಹತ್ತಿರ ಎಂದು ತೋರಿಸುವ ವಂಶವೃಕ್ಷ (ಮರ) ಬರೆಯುವಾಗ ಬರುವ ತೊಡಕುಗಳು ಇಲ್ಲಿವೆ. ಮಾದರಿಗಳು ಐದು: ಪಾಚಿಗಳಾದ ಕಾರಾ ಮತ್ತು ಸ್ಪೈರೋಗೈರಾ, ನೆಲಕ್ಕಂಟಿ ಬೆಳೆಯುವ ಹಾವಸೆ ಸಸ್ಯ ಮಾರ್ಕ್ಯಾಂಷಿಯಾ, ನಮ್ಮ ಹೊಲಗಳ ಮೆಕ್ಕೆಜೋಳ, ಹೊರಗುಂಪಾಗಿ (ಹೋಲಿಕೆಗೆ ಇಟ್ಟ ದೂರದ ಸಂಬಂಧಿ) ಕ್ಲಮಿಡೊಮೊನಾಸ್ ಪಾಚಿ. ಜೀನ್ ಆರ್‌ಬಿಸಿಎಲ್: ದ್ಯುತಿಸಂಶ್ಲೇಷಣೆಯ ರುಬಿಸ್ಕೋ ಕಿಣ್ವದ ದೊಡ್ಡ ಭಾಗಕ್ಕೆ ಸಂಕೇತ ಕೊಡುವುದು, ಕ್ಲೋರೋಪ್ಲಾಸ್ಟಿನಲ್ಲಿದೆ, ಉದ್ದ ಸುಮಾರು 1,430 ಅಕ್ಷರ (ಎ, ಟಿ, ಜಿ, ಸಿ).

ಜೆನ್‌ಬ್ಯಾಂಕ್‌ನಿಂದ (ಅನುಕ್ರಮಗಳ ಸಾರ್ವಜನಿಕ ಸಂಗ್ರಹ) ಫಾಸ್ಟಾ ಕಡತ, ಅಂದರೆ ಅನುಕ್ರಮದ ಪಠ್ಯ ಕಡತ, ಇಳಿಸಿಕೊಳ್ಳಿ. ಮೊದಲು ಪ್ರೋಟೀನಿಗೆ ಅನುವಾದಿಸಿ ಜೋಡಿಸಿ, ಆಮೇಲೆ ಡಿಎನ್‌ಎಗೆ ಮರಳಿ. ಗ್ಯಾಪ್ (ಜೋಡಣೆಯಲ್ಲಿ ಬಿಟ್ಟ ಖಾಲಿ ಜಾಗ) ಬಂದರೆ ಅದು ಮೂರರ ಗುಣಕದಲ್ಲೇ ಇರಬೇಕು, ಏಕೆಂದರೆ ಒಂದು ಅಮೈನೋ ಆಮ್ಲಕ್ಕೆ ಮೂರು ಅಕ್ಷರಗಳ ಒಂದು ಕೋಡಾನ್.

ಇನ್ನು ಎಲ್ಲರೂ ಎಡವುವ ಜಾಗ. ಎರಡು ಅನುಕ್ರಮಗಳ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವೇ ನಡೆದ ಬದಲಾವಣೆಯಲ್ಲ. ಒಂದೇ ಸ್ಥಾನ ಎ-ಯಿಂದ ಜಿ-ಗೆ ಹೋಗಿ ಮತ್ತೆ ಎ-ಗೆ ಬಂದಿದ್ದರೆ ಎರಡು ಬದಲಾವಣೆ ನಡೆದಿವೆ, ಎಣಿಕೆಗೆ ಸಿಗುವುದು ಸೊನ್ನೆ. ಜ್ಯೂಕ್ಸ್-ಕ್ಯಾಂಟರ್ ಸೂತ್ರ ಇದನ್ನು ಸರಿದೂಗಿಸುತ್ತದೆ: ಕಂಡ ವ್ಯತ್ಯಾಸವನ್ನು 4/3ರಿಂದ ಗುಣಿಸಿ, 1ರಿಂದ ಕಳೆದು, ಸ್ವಾಭಾವಿಕ ಲಾಗ್ ತೆಗೆದು, −3/4ರಿಂದ ಗುಣಿಸಿ. ಕಂಡದ್ದು 0.10 ಆದರೆ ದೂರ 0.107, ಇಲ್ಲಿ ಅಂತರ ಅತ್ಯಲ್ಪ. 0.30 ಆದರೆ 0.383. 0.60ಕ್ಕೆ 1.207, ಅಂದರೆ ಸರಾಸರಿ ಪ್ರತಿ ಸ್ಥಾನವೂ ಒಂದಕ್ಕಿಂತ ಹೆಚ್ಚು ಸಲ ಬದಲಾಗಿದೆ. 0.75 ಮುಟ್ಟಿದರೆ ಸೊನ್ನೆಯ ಲಾಗ್, ಲೆಕ್ಕವೇ ನಿಲ್ಲುತ್ತದೆ. ಏಕೆ 0.75? ಅಕ್ಷರ ನಾಲ್ಕೇ ಇರುವುದರಿಂದ ಸಂಬಂಧವೇ ಇಲ್ಲದ ಎರಡು ಅನುಕ್ರಮಗಳಲ್ಲೂ ಕಾಲು ಭಾಗ ಆಕಸ್ಮಿಕವಾಗಿ ಹೊಂದುತ್ತದೆ.

ಕೋಡಾನಿನ ಮೂರನೇ ಅಕ್ಷರ ಈ ಮಿತಿಯ ಹತ್ತಿರ ಬೇಗ ಹೋಗುತ್ತದೆ. ಗ್ಲೈಸಿನ್ ಎಂಬ ಅಮೈನೋ ಆಮ್ಲ ನೋಡಿ: ಜಿಜಿ ಆದಮೇಲೆ ಯಾವ ಅಕ್ಷರ ಬಂದರೂ ಗ್ಲೈಸಿನ್ನೇ. ಆದ್ದರಿಂದ 1-2ನೇ ಸ್ಥಾನಗಳ ದೂರವನ್ನು ಅಡ್ಡಕ್ಕೆ, 3ನೇ ಸ್ಥಾನದ ಕಚ್ಚಾ ವ್ಯತ್ಯಾಸವನ್ನು ಉದ್ದಕ್ಕೆ ಇಟ್ಟು ನಕ್ಷೆ ಬರೆಯಿರಿ. ರೇಖೆ ಮೇಲೇರದೆ ಮಟ್ಟವಾದರೆ ಮೂರನೇ ಸ್ಥಾನ ಕೈಬಿಡಿ. ಜೋಳ-ಭತ್ತದಂಥ ಹತ್ತಿರದ ಜೋಡಿಗೆ ಮಾತ್ರ ಅದನ್ನು ಉಳಿಸಿಕೊಳ್ಳಿ. ಅಲ್ಲಿ ಮಾಹಿತಿ ಹೆಚ್ಚಾಗಿ ಸಿಗುವುದು ಅದರಲ್ಲೇ.

ಬೂಟ್‌ಸ್ಟ್ರಾಪ್ (ಮಾಹಿತಿಯನ್ನು ಮತ್ತೆ ಮತ್ತೆ ಆಯ್ದು ಕೊಂಬೆಗೆ ಕೊಡುವ ನೂರಕ್ಕೆ ಇಷ್ಟೆಂಬ ಬೆಂಬಲ ಅಂಕ) 95 ಬಂತೆಂದು ನಂಬಿಬಿಡಬೇಡಿ. ಬದಲಾವಣೆ ಬಹಳ ಆದ ಉದ್ದ ಕೊಂಬೆಗಳು ಒಂದನ್ನೊಂದು ಸೆಳೆದರೆ ತಪ್ಪು ಮರಕ್ಕೂ ಅಷ್ಟೇ ಅಂಕ ಸಿಗುತ್ತದೆ. ನಡುವೆ ಜರೀಗಿಡ, ಸೈಕಸ್ ಸೇರಿಸಿ ಕೊಂಬೆ ಒಡೆಯಿರಿ. ನಾಲ್ಕು ಜೀನುಗಳ 2001ರ ಅಧ್ಯಯನ ನೆಲಸಸ್ಯಗಳ ಪಕ್ಕ ಕಾರಾವನ್ನು ಇಟ್ಟಿತ್ತು. ನೂರಾರು ನ್ಯೂಕ್ಲಿಯರ್ ಜೀನುಗಳ 2014ರ ವಿಶ್ಲೇಷಣೆ ಆ ಜಾಗವನ್ನು ಸ್ಪೈರೋಗೈರಾದ ಗುಂಪಿಗೆ ಕೊಟ್ಟಿತು. ಹಾಗಾಗಿ ಒಂದೇ ಜೀನಿನ ಮರದಿಂದ ಕಾರಾ-ಸ್ಪೈರೋಗೈರಾ ಪ್ರಶ್ನೆ ತೀರ್ಮಾನಿಸುವಂತಿಲ್ಲ.

ಹಾವಸೆ ವರ್ಗದ ಆಂಥೋಸಿರಾಸ್ ಸೇರಿಸಿದಾಗ ಜೀನಿನ ನಡುವೆಯೇ ಸ್ಟಾಪ್ ಕೋಡಾನ್ (ಪ್ರೋಟೀನು ಇಲ್ಲಿಗೆ ಮುಗಿಯಿತು ಎನ್ನುವ ಕೋಡಾನ್) ಕಂಡರೆ ಅನುಕ್ರಮವನ್ನು ಎಸೆಯಬೇಡಿ. ಅಲ್ಲಿ ಆರ್‌ಎನ್‌ಎ ಮಟ್ಟದಲ್ಲಿ ತಿದ್ದುಪಡಿ ಆಗುತ್ತದೆ. ಒಂದರ ಡಿಎನ್‌ಎ, ಇನ್ನೊಂದರ ಸಿಡಿಎನ್‌ಎ (ತಿದ್ದಿದ ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ ಪ್ರತಿ) ಬೆರೆಸಿದರೆ ಇಲ್ಲದ ವ್ಯತ್ಯಾಸ ಎಣಿಸಿದಂತಾಗುತ್ತದೆ.